ಹುಲ್ಲು ಕೊಚ್ಚುವ ಯಂತ್ರ ಕೈಕೊಡದಿರಲು



ತೋಟಕ್ಕೆ ಆಳು ಸಿಗದ ಈ ಕಾಲದಲ್ಲಿ ಸಂಘದ ಬಾಡಿಗೆ ಯಂತ್ರಕ್ಕೆ ನಾವೆಲ್ಲ ಸರದಿ ಕಾಯುತ್ತೇವೆ. ಒಬ್ಬರ ಕೈಯಲ್ಲಿ ಕೆಟ್ಟರೆ ಹತ್ತು ಮನೆಯ ಕೆಲಸ ನಿಂತಂತೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಬರೀ ಪೆಟ್ರೋಲ್ ಹಾಕಲೇಬಾರದು. ಪಿಸ್ಟನ್ನಿಗೆ ಆಯಿಲ್ ಮುಟ್ಟುವುದು ಪೆಟ್ರೋಲಿನ ಜತೆಗೇ. ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂತ ಇದ್ದರೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಬೇಕು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಖರ್ಚು ದೊಡ್ಡದು.

ಸ್ಟಾರ್ಟ್ ಆಗದಿದ್ದರೆ ಹಗ್ಗ ಎಳೆದೆಳೆದು ಸುಸ್ತಾಗುವುದು ಬೇಡ. ಮೊದಲು ಪೆಟ್ರೋಲ್ ನೋಡಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂತದ್ದಾದರೆ ತೆಗೆದು ಹೊಸದು ಹಾಕಿ. ಆಮೇಲೆ ಪ್ಲಗ್ ಬಿಚ್ಚಿ. ಒದ್ದೆಯಿದ್ದರೆ ಒಣಗಿಸಿ, ಮಸಿ ಕಟ್ಟಿದ್ದರೆ ತಿಕ್ಕಿ. ಸ್ಟಾರ್ಟ್ ಆಗಿಯೂ ಜೋರು ಬಾರದಿದ್ದರೆ ಸ್ಪಂಜಿನ ಏರ್ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇಷ್ಟಕ್ಕೂ ಆಗದಿದ್ದರೆ ಮೆಕ್ಯಾನಿಕ್ಕನ್ನು ಕರೆಯೋಣ.

ಬ್ಲೇಡಿಗೆ ಕೈಹಾಕುವ ಮುಂಚೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರ್ ಕಿತ್ತಿಡಿ. ಗಾರ್ಡ್ ತೆಗೆಯಬೇಡಿ, ಕನ್ನಡಕ ಬಿಡಬೇಡಿ. ಸಿಡಿದ ಕಲ್ಲಿಗೆ ಕಣ್ಣು ಹೋದರೆ ಅದಕ್ಕೆ ಯಾವ ಅಂಗಡಿಯಲ್ಲೂ ಸ್ಪೇರ್ ಪಾರ್ಟ್ ಇಲ್ಲ.

ವಾಪಸು ಕೊಡುವಾಗ ಮಣ್ಣು, ಹುಲ್ಲು ಒರೆಸಿ ಕೊಡೋಣ. ಮುಂದಿನ ಸರದಿಯವರೂ ನಮ್ಮವರೇ ಅಲ್ಲವೇ?