ಮಧ್ಯಾಹ್ನದ ಮಾತ್ರೆ, ಸಂಜೆಯ ನೆನಪು



ಹಿರಿಯರ ಆರೋಗ್ಯ ಕುರಿತ ಈ ಸಂಕಿರಣಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಎಲ್ಲ ವೇದಿಕೆಗಳಲ್ಲೂ ಹೇಳಿಕೊಂಡು ಬಂದ ಮಾತನ್ನೇ ಇಲ್ಲೂ ಹೇಳುತ್ತೇನೆ. ನಾವು ನಿದ್ದೆಯನ್ನು ನಿಮಿಷಗಳಲ್ಲಿ ಅಳೆದು ದಾರಿ ತಪ್ಪಿದೆವು. ಎಷ್ಟು ಬೇಗ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರವಾಯಿತು ಎಂದು ನೋಡಿ ಮಾತ್ರೆಗೆ ಅಂಕ ಕೊಟ್ಟೆವು. ಎದ್ದವರ ತಲೆಯಲ್ಲಿ ಏನು ಉಳಿದಿದೆ ಎಂದು ಕೇಳಲಿಲ್ಲ.

ಕೇಳಿದವರು ಇಲ್ಲವೆಂದಲ್ಲ. ಅಮೆರಿಕದಲ್ಲಿ ಸಾರಾ ಮೆಡ್ನಿಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಮಾತ್ರ ನೆನೆಯುತ್ತೇನೆ. ಯುವಜನರಿಗೆ ಹಗಲು ನಿದ್ದೆಗೆ ಮೊದಲು ಝೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಕೊಟ್ಟಾಗ, ನಿದ್ದೆಯಲ್ಲಿ ಮಿದುಳು ಹೊಮ್ಮಿಸುವ ಚುರುಕಾದ ಸ್ಪಿಂಡಲ್ ಅಲೆಗಳು ಹೆಚ್ಚಿದವು. ನಿದ್ದೆಗೆ ಮುಂಚೆ ಕಲಿತ ಪದಗಳೂ ಹೆಚ್ಚು ನೆನಪಿನಲ್ಲಿ ಉಳಿದವು. ಹಾಗಾದರೆ ಅಜ್ಜ ಅಜ್ಜಿಯರಿಗೂ ಅದನ್ನೇ ಕೊಡಬಹುದೆ?

ಇಲ್ಲಿಯೇ ನನ್ನ ತಕರಾರು. ವಯಸ್ಸಾದಂತೆ ಗಾಢನಿದ್ರೆಯ ನಿಧಾನದ ಅಲೆಗಳು ಕುಗ್ಗುತ್ತವೆ, ಸ್ಪಿಂಡಲ್‌ಗಳು ಆ ಅಲೆಗಳೊಂದಿಗೆ ಸರಿಯಾದ ಗಳಿಗೆಯಲ್ಲಿ ಕೂಡಿಕೊಳ್ಳುವುದಿಲ್ಲ. 2018ರಲ್ಲಿ ಹೆಲ್ಫ್ರಿಕ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ತಾಳ ತಪ್ಪಿದ ಮೇಳದಲ್ಲಿ ಮೃದಂಗವನ್ನು ಮಾತ್ರ ಜೋರು ಮಾಡಿದರೆ ಸಂಗೀತ ಸುಧಾರಿಸೀತೆ?

ಇನ್ನೂ ದೊಡ್ಡ ತೊಡಕು ಮಾತ್ರೆಯ ನಂತರದ ಹೊತ್ತಿನದು. ಝೋಲ್ಪಿಡೆಮ್‌ನಂಥ ನಿದ್ದೆ ಔಷಧಗಳು ನುಂಗುವ ಮುಂಚೆ ಕಲಿತದ್ದನ್ನು ಕೆಲವೊಮ್ಮೆ ಕಾಪಾಡುತ್ತವೆ. ನುಂಗಿದ ಮೇಲೆ ಕೇಳಿದ್ದನ್ನು ಅಳಿಸಲೂಬಹುದು. ನಮ್ಮ ಪ್ರಯೋಗಗಳು ಬೆಳಗಿನ ಪದಗಳನ್ನು ಸಂಜೆ ಕೇಳಿ ಮುಗಿಸುತ್ತವೆ. ಹಿರಿಯರ ಸಂಜೆ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ.

ಒಮ್ಮೆ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರನ್ನು ಮಗ ನನ್ನ ಬಳಿ ಕರೆತಂದಿದ್ದ. “ಡಾಕ್ಟ್ರೇ, ಅಮ್ಮನಿಗೆ ಅರಳು ಮರಳು ಶುರುವಾಗಿದೆ” ಎಂದ. ಆಕೆ ಬೆಳಿಗ್ಗೆ ಓದಿದ ಪತ್ರಿಕೆಯನ್ನು ಚಾಚೂ ತಪ್ಪದೆ ಹೇಳಿದರು. ಹಿಂದಿನ ಸಂಜೆ ಮಗಳು ಫೋನ್ ಮಾಡಿದ್ದು ಮಾತ್ರ ನೆನಪಿಲ್ಲ. ಎಲ್ಲೋ ಬರೆದುಕೊಟ್ಟಿದ್ದ, ಅದೇ ಬಗೆಯ ಅಲ್ಪ್ರಜೋಲಮ್‌ನ ಅರ್ಧ ಮಾತ್ರೆಯನ್ನು ಮಧ್ಯಾಹ್ನದ ಊಟವಾದ ಮೇಲೆ ದಿನವೂ ನುಂಗುತ್ತಿದ್ದರು. ಅದರ ಅರ್ಧಾಯುಷ್ಯ ವಯಸ್ಕರಲ್ಲಿ ಸುಮಾರು 11 ಗಂಟೆ, ಹಿರಿಯರಲ್ಲಿ ಸುಮಾರು 16. ಸಂಜೆಯ ಫೋನು ಮಾತ್ರೆಯ ನೆರಳಿನಲ್ಲೇ ಬರುತ್ತಿತ್ತು. ವಾರಗಟ್ಟಲೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಬಿಡಿಸಿದೆವು. ಮಗಳ ಮಾತುಗಳು ಮರುದಿನಕ್ಕೂ ಉಳಿಯತೊಡಗಿದವು. ಒಬ್ಬರ ಕಥೆ ಪುರಾವೆಯಲ್ಲ, ಬಲ್ಲೆ. ಆದರೆ ಪುರಾವೆ ಹುಡುಕಲು ಇಷ್ಟು ಸಾಕು.

ಅಮೆರಿಕದ ವೃದ್ಧರೋಗ ತಜ್ಞರ ಬೀರ್ಸ್ ಪಟ್ಟಿ ಈ ಔಷಧಗಳನ್ನು ಹಿರಿಯರಿಗೆ ಕೊಡಬೇಡಿ ಎನ್ನುತ್ತದೆ. ನಮ್ಮಲ್ಲಿ ಅಲ್ಪ್ರಜೋಲಮ್, ಝೋಲ್ಪಿಡೆಮ್ ಎರಡೂ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಚೀಟಿ ಬರೆಯುವವರು ನಾವೇ ತಾನೆ?

ನಿದ್ದೆ ಮಾತ್ರೆಯಿಂದ ಹಿರಿಯರಲ್ಲಿ ಹಗಲು ನಿದ್ದೆಗೆ ಮುಂಚೆ ಕಲಿತದ್ದರ ನೆನಪು ಹೆಚ್ಚುತ್ತದೆಯೋ, ಸಂಜೆಯ ನೆನಪನ್ನು ಕೊಟ್ಟು ಬೆಳಗಿನದನ್ನು ಕೊಳ್ಳುತ್ತಿದ್ದೇವೆಯೋ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ವಿದ್ಯಾರ್ಥಿಗಳೆ, ನಿಮ್ಮ ಪ್ರಬಂಧಗಳಲ್ಲಿ ಎರಡನ್ನೂ ಅಳೆಯಿರಿ. ವೈದ್ಯ ಮಿತ್ರರೆ, ಮರೆವೆಂದು ಬಂದ ಪ್ರತಿ ಹಿರಿಯರನ್ನೂ, ಸ್ಕ್ಯಾನಿಗೆ ಕಳಿಸುವ ಮೊದಲು, ಮಧ್ಯಾಹ್ನ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿರಿ.