ಹಗುರವಾದ ಕಾರಿನ ಬೆನ್ನೆಲುಬು

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವವರಿಗೆ ಡಾಂಬರಿನ ರಸ್ತೆಯುಂಟು. ಅದನ್ನು ಬಿಟ್ಟು ಗದ್ದೆಗೋ ತೋಟಕ್ಕೋ ತಿರುಗಿದೊಡನೆ ಕೆಂಪು ಮಣ್ಣಿನ ದಾರಿ ಮೊದಲಾಗುವುದು. ಮಳೆಗಾಲ ಕಳೆದ ಮೇಲೆ ಅಲ್ಲಿನ ಗಾಡಿಯ ಜಾಡುಗಳು ಒಣಗಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಇಂಥ ಸೀಮೆಯಲ್ಲಿ ಕುಶಲನಾದ ತರುಣನೊಬ್ಬನು, ನಾಲ್ವರನ್ನೂ ಒಂದು ಮೂಟೆ ಭತ್ತವನ್ನೂ ಹೊರತಕ್ಕ ಹಗುರವಾದ ಕಾರೊಂದನ್ನು ಮನೆಯಂಗಳದಲ್ಲಿಯೇ ಕಟ್ಟಲು ಹೊರಟನೆಂದು ಭಾವಿಸೋಣ. ಅವನು ಮೊದಲು ಯಾವುದನ್ನು ಯೋಚಿಸಬೇಕು? ಇಂಜಿನನ್ನು ಎಂದು ಹಲವರು ಹೇಳಬಹುದು. ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರವನ್ನು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವು ಸರಳವಾದ ಲೆಕ್ಕದಿಂದ ತಿಳಿಯುವುದು. ಚಾಲಕನೊಬ್ಬನೇ ಕುಳಿತಾಗ ಈ ಕಾರಿನ ಹಿಂದಿನ ಸ್ಪ್ರಿಂಗುಗಳು ೨೦೦ ಕಿಲೋಗ್ರಾಂ ಹೊರುತ್ತವೆಯೆಂದೂ, ಜನರೂ ಮೂಟೆಯೂ ತುಂಬಿದಾಗ ೩೬೦ ಹೊರುತ್ತವೆಯೆಂದೂ ಇಟ್ಟುಕೊಳ್ಳೋಣ. ತುಂಬಿದ ಭಾರಕ್ಕೆ ೧೬ ಸೆಂಟಿಮೀಟರು ಕುಸಿಯುವ ಸ್ಪ್ರಿಂಗನ್ನು ಆರಿಸಿದರೆ, ಗಾಡಿಯು ನಿಮಿಷಕ್ಕೆ ಸುಮಾರು ೭೫ ಸಲ ಮೇಲೆ ಕೆಳಗೆ ತೂಗುವುದು. ೬೦ರಿಂದ ೯೦ರವರೆಗಿನ ತೂಗಾಟವು ದೇಹಕ್ಕೆ ಹಿತವಾಗಿರುವುದು. ಅದೇ ಸ್ಪ್ರಿಂಗು ಒಬ್ಬನೇ ಇದ್ದಾಗ ೯ ಸೆಂಟಿಮೀಟರು ಮಾತ್ರ ಕುಸಿಯುವುದು. ತೂಗಾಟವು ೧೦೦ಕ್ಕೆ ಏರಿ, ಬೆನ್ನಿಗೆ ಪೆಟ್ಟಾಗುವುದು. ಎರಡು ಸ್ಥಿತಿಗಳ ನಡುವೆ ಗಾಡಿಯ ಎತ್ತರದಲ್ಲಿ ೭ ಸೆಂಟಿಮೀಟರಿನ ಅಂತರ. ಹಿಂದೆ ೭೦೦ ಕಿಲೋಗ್ರಾಂ ತೂಗುವ ಭಾರಿ ಕಾರಿಗೆ ಇದೇ ೧೬೦ನ್ನು ಸೇರಿಸಿದರೆ, ಅಂತರವು ಕೇವಲ ೩ ಸೆಂಟಿಮೀಟರು. ಗಾಡಿಯು ಹಗುರವಾದಷ್ಟೂ ಅದರ ಹಿಂಬದಿಯನ್ನು ರೂಪಿಸುವ ಕೆಲಸವು ಕಠಿನವಾಗುವುದು.

ಈ ಕಷ್ಟವನ್ನು ಬಲ್ಲವರು ಬಗೆಬಗೆಯಾಗಿ ಎದುರಿಸಿದ್ದಾರೆ. ೧೯೨೨ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಚಾಸಿಯ ಮೇಲೆ ಅನೇಕರು ಮನೆಯಲ್ಲಿಯೇ ಹೊಸ ಗಾಡಿಗಳನ್ನು ಕಟ್ಟಿದರು. ಮುಂದೆ ಲೋಟಸ್ ಕಾರುಗಳಿಂದ ಹೆಸರಾದ ಕಾಲಿನ್ ಚಾಪ್‌ಮನ್ನನ ಮೊದಲ ಪ್ರಯತ್ನವೂ ಅಂಥದೇ. ೧೯೪೮ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿತವಾದ ಸಿತ್ರೋಎನ್ ಕಾರನ್ನು ರೈತರಿಗಾಗಿಯೇ ರೂಪಿಸಿದ್ದರು. ಉತ್ತ ಹೊಲವನ್ನು ದಾಟಿದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದೆಂಬುದು ಅದರ ನಿಬಂಧನೆ. ಉದ್ದವಾದ ತೋಳುಗಳೂ ಮೃದುವಾದ ಸ್ಪ್ರಿಂಗುಗಳೂ ಅದನ್ನು ಸಾಧಿಸಿದವು.

ನಮ್ಮ ತರುಣನು ಅಷ್ಟು ದೂರ ನೋಡಬೇಕಾಗಿಲ್ಲ. ಶಿಕಾರಿಪುರದ ಪೇಟೆಯಲ್ಲಿ ನಿಂತಿರುವ ಆಟೋರಿಕ್ಷಾದ ಹಿಂಬದಿಯನ್ನು ಬಗ್ಗಿ ನೋಡಿದರೆ ಸಾಕು. ಇಂಜಿನೂ ಗೇರಿನ ಪೆಟ್ಟಿಗೆಯೂ ಮೈಗೇ ಸೇರಿವೆ. ಪ್ರತಿಯೊಂದು ಚಕ್ರವೂ ತನ್ನದೇ ತೋಳಿನ ತುದಿಯಲ್ಲಿ ಬೇರೆಯಾಗಿ ಏಳುತ್ತ ಬೀಳುತ್ತ ಇರುವುದು. ಎರಡು ಗಿಡ್ಡ ದಂಡಗಳು ಶಕ್ತಿಯನ್ನು ಚಕ್ರಗಳಿಗೆ ಒಯ್ಯುವುವು. ಸ್ಪ್ರಿಂಗಿನ ಕೆಳಗೆ ಭಾರವಾದ ಅಚ್ಚು ಇದ್ದರೆ, ಗುಂಡಿಯಲ್ಲಿ ಕುಪ್ಪಳಿಸುವ ಅದನ್ನು ತಡೆಯಲು ಹಗುರವಾದ ಮೈಗೆ ಬಲ ಸಾಲದು. ಚಕ್ರವು ನೆಲವನ್ನು ಬಿಡುವುದು, ಬ್ರೇಕೂ ಹಿಡಿತವೂ ತಪ್ಪುವುವು. ಆದುದರಿಂದ ಈ ತೋಳಿನ ಏರ್ಪಾಡೇ ಹಗುರವಾದ ಗಾಡಿಗೆ ಯೋಗ್ಯವಾದುದು. ಜೊತೆಗೆ ಶಾಕ್ ಅಬ್ಸಾರ್ಬರೂ, ಸ್ಪ್ರಿಂಗು ಪೂರ್ಣವಾಗಿ ಕುಸಿಯುವಲ್ಲಿ ರಬ್ಬರಿನ ದಿಂಡೂ ಇರತಕ್ಕವು.

ಇನ್ನು ಚಾಸಿಯ ವಿಷಯ. ಒಂದು ಚಕ್ರವು ಜಾಡಿಗೆ ಇಳಿದು ಇನ್ನೊಂದು ದಿಬ್ಬವನ್ನು ಏರಿದಾಗ ಚೌಕಟ್ಟು ತಿರುಚಲ್ಪಡುವುದು. ಚೌಕಟ್ಟೇ ಸ್ಪ್ರಿಂಗಿನಂತೆ ಬಳುಕಿದರೆ, ನಿಜವಾದ ಸ್ಪ್ರಿಂಗಿನ ಲೆಕ್ಕವೆಲ್ಲ ವ್ಯರ್ಥ. ಇಡಿಯ ಬಿದಿರನ್ನು ಕೈಯಿಂದ ತಿರುಚುವುದು ಅಸಾಧ್ಯ. ಉದ್ದಕ್ಕೆ ಸೀಳಿದ ಬಿದಿರನ್ನು ಮಗುವೂ ತಿರುಚಬಲ್ಲುದು. ತೆರೆದ ಉಕ್ಕಿನ ಪಟ್ಟಿಗಿಂತ ಮುಚ್ಚಿದ ಕೊಳವೆಯು ಮೇಲೆಂಬುದಕ್ಕೆ ಇದೇ ಪ್ರಮಾಣ. ಕೊಳವೆಗಳನ್ನು ಸೇರಿಸುವಾಗ ಚೌಕಗಳಿಗೆ ಓರೆಯ ಕೊಳವೆಯಿಟ್ಟು ತ್ರಿಕೋನಗಳನ್ನು ಮಾಡಬೇಕು. ಬೆಂಗಳೂರಿನಲ್ಲಿ ೧೯೮೨ರಲ್ಲಿ ಹೊರಬಂದ ಡಾಲ್ಫಿನ್ ಕಾರಿನಲ್ಲಿ ಫೈಬರ್ ಗ್ಲಾಸಿನ ಮೈಯ ಕೆಳಗೆ ಉಕ್ಕಿನ ಚಾಸಿಯಿತ್ತು. ೨೦೦೧ರಲ್ಲಿ ಅಲ್ಲಿಯೇ ತಯಾರಾದ ರೇವಾ ವಿದ್ಯುತ್ ಕಾರಿನಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆಯ ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟಿತ್ತು. ಹೊರಗಿನ ಅಂದವು ಏನೇ ಇರಲಿ, ಭಾರ ಹೊರತಕ್ಕುದು ಒಳಗಿನ ಎಲುಬೇ.

ಅತ್ಯಂತ ಎಚ್ಚರದ ಸ್ಥಳವು ತೋಳು ಚೌಕಟ್ಟನ್ನು ಕೂಡುವಲ್ಲಿ. ಅದರ ಕೀಲುಗಳೆರಡೂ ಒಂದೇ ನೇರದಲ್ಲಿದ್ದು, ಪರಸ್ಪರ ಸಾಕಷ್ಟು ದೂರವಿರಬೇಕು. ಅವುಗಳನ್ನು ಕೊಳವೆಯ ನಡುವೆ ಅಂಟಿಸದೆ, ಹಲವು ಕೊಳವೆಗಳು ಸಂಧಿಸುವ ಗಂಟಿನಲ್ಲಿಯೇ ಇಡಬೇಕು. ಅಲ್ಲಿಯ ಬೆಸುಗೆ ಬಿಟ್ಟರೆ ಹಿಂದಿನ ಚಕ್ರವು ಓರೆಯಾಗಿ, ಚಾಲಕನ ಕೈಯಲ್ಲಿರುವ ಚಕ್ರಕ್ಕೆ ಗಾಡಿಯು ವಿಧೇಯವಾಗದು. ಒಳಗೆ ಕುಳಿತವರು ಅವನ ತಾಯಿತಂದೆಗಳೇ ಆಗಿರಬಹುದು.

ಆದುದರಿಂದ ಪರೀಕ್ಷೆಯಿಲ್ಲದೆ ಯಾರನ್ನೂ ಕೂರಿಸಬಾರದು. ಬರಿಯ ಚೌಕಟ್ಟಿನ ಮೂರು ಮೂಲೆಗಳನ್ನು ಭದ್ರವಾಗಿ ಹಿಡಿದು, ನಾಲ್ಕನೆಯದಕ್ಕೆ ಗೊತ್ತಾದ ತೂಕವನ್ನು ತೂಗುಹಾಕಿ, ಅದು ಎಷ್ಟು ಇಳಿಯಿತೆಂದು ಅಳೆಯಬೇಕು. ಆ ಇಳಿತವು ಸ್ಪ್ರಿಂಗಿನ ಕುಸಿತದ ಮುಂದೆ ಅತ್ಯಲ್ಪವಾಗಿರಬೇಕು. ಅನಂತರ ಜನರಿಗೆ ಬದಲಾಗಿ ಮರಳಿನ ಚೀಲಗಳನ್ನು ಹೇರಿ, ಸ್ವಂತ ಹೊಲದಲ್ಲಿ ನಿಧಾನವಾಗಿ ಓಡಿಸಿ, ಪ್ರತಿದಿನವೂ ಬೆಸುಗೆಗಳನ್ನು ನೋಡಬೇಕು. ಸಾರ್ವಜನಿಕ ರಸ್ತೆಯ ಮಾತು ಬೇರೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು, ಮಾದರಿ ವಾಹನವನ್ನು ಸರ್ಕಾರವು ಗೊತ್ತುಮಾಡಿದ ಸಂಸ್ಥೆಯು ಪರೀಕ್ಷಿಸಬೇಕೆಂದು ವಿಧಿಸುತ್ತವೆ. ಇದನ್ನು ಉತ್ಸಾಹಕ್ಕೆ ಹಾಕಿದ ಬೇಲಿಯೆಂದು ತರುಣರು ಮುನಿಯಬೇಕಾಗಿಲ್ಲ. ಅಂಗಳದಲ್ಲಿ ಅವರು ಚೌಕಟ್ಟಿನ ಮೂಲೆಗೆ ಕೇಳಿದ ಪ್ರಶ್ನೆಯನ್ನೇ, ದಾರಿಯಲ್ಲಿ ಎದುರು ಬರುವವರ ಪರವಾಗಿ, ಈ ನಿಯಮವೂ ಕೇಳುತ್ತದೆ.