ಹೊಟ್ಟೆನೋವೆಂಬ ಮರೆಮಾತು



ಪುತ್ತೂರು, ಸುಳ್ಯ, ಕಡಬದ ಕಡೆಯ ಶಾಲೆ ಕಾಲೇಜುಗಳಲ್ಲಿ 'ಹೊಟ್ಟೆನೋವು' ಎಂಬ ಮಾತಿಗೆ ನಿಘಂಟಿನಲ್ಲಿಲ್ಲದ ಅರ್ಥಗಳು ಹಲವಿವೆ. ರಜೆಯ ಅರ್ಜಿಯಲ್ಲಿ ಹುಡುಗಿಯೊಬ್ಬಳು ಅದನ್ನು ಬರೆದರೆ ಅದು ಮುಟ್ಟಿನ ನೋವಾಗಿರಬಹುದು. ಹುಡುಗ ಬರೆದರೆ, ಕುಡಿದು ಬಂದ ತಂದೆಯ ರಂಪದಿಂದ ಕೆಟ್ಟ ರಾತ್ರಿಯಾಗಿರಬಹುದು. ಪರೀಕ್ಷೆಯ ಭಯವಾಗಿರಬಹುದು, ಮುಟ್ಟಬಾರದವರು ಮೈಮುಟ್ಟಿದ ಸಂಕಟವೂ ಆಗಿರಬಹುದು. ಅಧ್ಯಾಪಕ ವೃತ್ತಿಯಲ್ಲಿ ಇಂಥ ಅರ್ಜಿಗಳನ್ನು ನಾನು ಕಟ್ಟುಗಟ್ಟಲೆ ಕಂಡವನು. ಬರೆದವರು ಸುಳ್ಳುಗಾರರಲ್ಲ. ನಿಜವನ್ನು ಯಾರಲ್ಲಿ ಹೇಳಬೇಕೆಂಬುದು ಅವರಿಗೆ ತಿಳಿಯದು, ಅಷ್ಟೆ.

ಇಂಥ ಮಕ್ಕಳಿಗಾಗಿ ಶಾಲೆಯಲ್ಲಿಯೇ ಒಬ್ಬ ದಾದಿ ಇರಬೇಕೆಂಬ ವಿಚಾರ ಹೊಸದಲ್ಲ. 1902ರಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆ ಲೀನಾ ರೋಜರ್ಸ್ ಎಂಬ ದಾದಿಯನ್ನು ಕಳುಹಿಸಿದಾಗ ಆಕೆಯ ಕೆಲಸ ಕಣ್ಣುಬೇನೆ, ಚರ್ಮರೋಗಗಳಿಗೆ ಮದ್ದು ಹಚ್ಚುವುದಾಗಿತ್ತು. ಕಾಲಕ್ರಮದಲ್ಲಿ ಅನೇಕ ದೇಶಗಳಲ್ಲಿ ಶಾಲೆಯ ದಾದಿ ಮಕ್ಕಳ ಮನಸ್ಸಿನ ಮಾತನ್ನೂ ಕೇಳಿಸಿಕೊಳ್ಳುವವಳಾದಳು. ಅವಳು ಅಂಕ ಕೊಡುವವಳಲ್ಲ, ಬೆತ್ತ ಹಿಡಿಯುವವಳೂ ಅಲ್ಲವಲ್ಲ!

ನಮ್ಮಲ್ಲಿ ಏನಿದೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರು, ದಾದಿ, ಔಷಧಿ ಕೊಡುವವರು ಸೇರಿದ ತಂಡವೊಂದು ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತದೆ. ತೂಕ, ಕಣ್ಣು, ಹಲ್ಲು ನೋಡುವುದಕ್ಕೆ ಅದು ಬಹಳ ಉಪಯುಕ್ತ. ಆದರೆ ಬೆನ್ನ ಹಿಂದೆ ಗೆಳತಿಯರ ಸಾಲು ನಿಂತಿರುವಾಗ ಯಾವ ಹುಡುಗಿ ಬಾಯಿ ತೆರೆದಾಳು? 2020ರ ಶಾಲಾ ಆರೋಗ್ಯ ಯೋಜನೆಯು ಪ್ರತಿ ಶಾಲೆಯ ಇಬ್ಬರು ಅಧ್ಯಾಪಕರಿಗೆ ಆರೋಗ್ಯದ ರಾಯಭಾರವನ್ನು ವಹಿಸಿತು. ಪಾಠ ಮಾಡಲು ಅವರು ಸಮರ್ಥರು. ಗುಟ್ಟು ಕೇಳಲು ತಕ್ಕವರೆಂದು ನನಗೆ ಅನ್ನಿಸುವುದಿಲ್ಲ. ಬೆಳಗ್ಗೆ ಗುಟ್ಟು ಹೇಳಿದ ಮಗು ಮಧ್ಯಾಹ್ನ ಅವರೆದುರಿಗೇ ಲೆಕ್ಕ ಒಪ್ಪಿಸಬೇಕು.

ಈ ಕೊರತೆಯನ್ನು ಬಲ್ಲವರೇ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ರೂಪಿಸಿರಬೇಕು. ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ಆಸ್ಪತ್ರೆಗಳಲ್ಲಿ ಆಪ್ತ ಸಮಾಲೋಚನೆಯ ವ್ಯವಸ್ಥೆ ಅದರಲ್ಲಿದೆ. ಕರ್ನಾಟಕದಲ್ಲಿ ಅದಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು. ಹೇಳಿದ್ದನ್ನು ಹೊರಗೆಡಹಬಾರದೆಂಬುದು ಅದರ ನಿಯಮಗಳಲ್ಲೊಂದು.

ನಿಯಮ ಒಳ್ಳೆಯದೇ. ಆದರೆ ಒಳನಾಡಿನ ಹುಡುಗಿ ಬಸ್ಸು ಹತ್ತಿ ಪೇಟೆಯ ಆಸ್ಪತ್ರೆಗೆ ಒಬ್ಬಳೇ ಬಂದಳೆನ್ನಿ. ಕಂಡಕ್ಟರನಿಗೆ ಅವಳ ತಂದೆಯ ಪರಿಚಯ. ಸರದಿಯಲ್ಲಿ ನೆರೆಮನೆಯವರು. ನಮ್ಮ ಕಡೆ ಯಾರನ್ನೇ ಕಂಡರೂ ಮೊದಲು ಕೇಳುವುದು 'ಇಲ್ಲ್ ಓಲು?' ಎಂದು - ಮನೆ ಎಲ್ಲಿ, ಯಾರ ಮಗಳು? ಇದು ನಮ್ಮ ಸೌಜನ್ಯ. ಗುಟ್ಟು ಹೊತ್ತು ಬಂದವಳಿಗೆ ಅದೇ ಬೆದರಿಕೆ. ಮೇಲಾಗಿ ಭಾಷೆ. ಈ ಮೂರು ತಾಲೂಕುಗಳಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ರಬ್ಬರು ತೋಟಗಳ ಕಡೆ ತಮಿಳು. ನಾಚಿಕೆಯ ಮಾತು ಶಾಲೆಯ ಕನ್ನಡದಲ್ಲಿ ಬರುವುದಿಲ್ಲ, ಅದು ಅಡುಗೆಮನೆಯ ಭಾಷೆಯಲ್ಲೇ ಬರಬೇಕು. ಜೀವಮಾನವೆಲ್ಲ ಕನ್ನಡ ಕಲಿಸಿದ ನಾನು ಇದನ್ನು ಹೇಳಬೇಕಾಗಿದೆ.

ವಿಚಿತ್ರವೆಂದರೆ, ತುಳುವರು ಈ ವಿಷಯದಲ್ಲಿ ಹಿಂದಿನಿಂದ ಬಾಯಿಮುಚ್ಚಿ ಕುಳಿತವರಲ್ಲ. ಫೆಬ್ರವರಿಯಲ್ಲಿ ಬರುವ ಕೆಡ್ಡಸ ಭೂಮಿತಾಯಿ ಮುಟ್ಟಾಗುವ ಹಬ್ಬ. ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಗೆ ಅಂಗಳದಲ್ಲಿ ಆಕೆಗೆ ಎಣ್ಣೆ, ಅರಿಸಿನ, ಕುಂಕುಮ. ಭೂಮಿಯ ಮುಟ್ಟನ್ನು ಹಬ್ಬವಾಗಿ ಆಚರಿಸುವ ಮನೆಯಲ್ಲಿಯೇ ಮಗಳ ಮುಟ್ಟು ಹೊಟ್ಟೆನೋವಾಗುತ್ತದೆ!

'ಗೋಪ್ಯ' ಎಂಬ ಶಬ್ದಕ್ಕೆ ಸಂಸ್ಕೃತದ 'ಗುಪ್' ಧಾತು ಮೂಲ. ಕಾಪಾಡು ಎಂಬುದು ಅದರ ಅರ್ಥ. ಮರೆಮಾಡುವುದು ಅದರಿಂದ ಬೆಳೆದದ್ದು. ಈ ಭೇದ ಇಲ್ಲಿ ಮುಖ್ಯ. ಮಗುವಿನ ಮಾತನ್ನು ಬಚ್ಚಿಡುವುದರಿಂದಲೇ ಮಗುವಿಗೆ ಕೇಡಾಗುವ ಸಂದರ್ಭಗಳುಂಟು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು; ದಾದಿಗೂ ವಿನಾಯಿತಿಯಿಲ್ಲ. ಹೆಸರು ಬಯಲಾಗುವ ಭಯದಿಂದ ಹುಡುಗಿಯರು ಗರ್ಭಪಾತಕ್ಕೆ ಕಳ್ಳವೈದ್ಯರ ಬಳಿಗೆ ಹೋಗುವುದನ್ನು ತಡೆಯಲೆಂದು, 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ದಾರಿ ತೋರಿಸಿತು: ಹುಡುಗಿಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಆ ವರದಿಯಲ್ಲಿ ಆಕೆಯ ಗುರುತನ್ನು ಹೇಳಬೇಕಾಗಿಲ್ಲ. ಆದ್ದರಿಂದ ಗುಟ್ಟು ಕೇಳುವವರು ಮೊದಲೇ ಹೇಳಿಬಿಡಬೇಕು - ಇಷ್ಟನ್ನು ಯಾರಿಗೂ ಹೇಳೆನು, ನಿನ್ನ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಲೇಬೇಕಾಗುತ್ತದೆ, ಹೇಳುವ ಮುನ್ನ ನಿನಗೆ ತಿಳಿಸುತ್ತೇನೆ ಎಂದು. ಎಲ್ಲವನ್ನೂ ಮುಚ್ಚಿಡುವೆನೆಂದು ಆಣೆಯಿಟ್ಟು ಆಮೇಲೆ ತಪ್ಪಿದರೆ ಆ ಮಗು ಮತ್ತೆ ಯಾರನ್ನೂ ನಂಬಲಾರದು.

ಈಗ ದೂರವಾಣಿಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿಯ 1098. ಆದರೆ ಮನೆಯಲ್ಲಿ ಒಂದೇ ಫೋನು, ಅದೂ ಅಮ್ಮನ ಕೈಯಲ್ಲಿದ್ದರೆ? ಗುಡ್ಡ ಹತ್ತದೆ ಸಿಗ್ನಲ್ ಸಿಗದಿದ್ದರೆ?

ಎದುರು ಕುಳಿತು ಕೇಳುವ ಮನುಷ್ಯರೇ ಬೇಕು. ವಾರದಲ್ಲಿ ಒಂದು ಗೊತ್ತಾದ ದಿನ ಪ್ರತಿ ಪ್ರೌಢಶಾಲೆಗೂ, ಆ ಕಡೆಯ ಭಾಷೆ ಬಲ್ಲ ಒಬ್ಬ ದಾದಿ ಬರಲಿ. ಬಾಗಿಲು ಮುಚ್ಚುವ ಒಂದು ಕೋಣೆಯಿರಲಿ. ಅವಳ ಪುಸ್ತಕ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಬೀಳದಿರಲಿ. ಕೋಣೆಗೆ ದೊಡ್ಡ ಹೆಸರೇನೂ ಬೇಡ. 'ತೂಕ ನೋಡುವ ಕೋಣೆ' ಎಂದೊಂದು ಹಲಗೆ ತೂಗುಹಾಕಿದರೆ ಸಾಕು. ಒಳಗೆ ಹೋಗುವವರನ್ನು ಯಾತಕ್ಕೆಂದು ಯಾರೂ ಕೇಳಲಾರರು.